ನಂದಿಗೆ ಒಂದು ದಿನ: ಹಳೇ ಗುಡಿ, ಹಸಿರು ನೀರು, ತಮ್ಮನ ಒಂಟಿ ಚಪ್ಪಲಿ

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ಸಲ್ಲಿ ನಿಂತುಕೊಂಡೇ ಕೇಳ್ತಾ ಇರೋರಿಗೆ ಒಂದು ನಮಸ್ಕಾರ ಎಕ್ಸ್‌ಟ್ರಾ. ಇವತ್ತು ಅದೇ ಫ್ಲೈಓವರ್ ದಾಟಿ ಉತ್ತರಕ್ಕೆ ಹೋಗೋಣ.

ಆದರೆ ಈ ಕಥೆ ಶುರುವಾಗಿದ್ದು ಮೆಕ್ಸಿಕೊದಲ್ಲಿ. ನಮ್ಮ ದೊಡ್ಡಮ್ಮನ ಮಗಳು ಆರ್.ಟಿ. ನಗರದಲ್ಲೇ ಹುಟ್ಟಿ ಬೆಳೆದೋಳು, ಈಗ ಅಮೆರಿಕದಲ್ಲಿ ಕೆಲಸ ಮಾಡ್ತಾಳೆ. ರಜೆಗೆ ಅಂತ ಕ್ಯಾನ್‌ಕೂನ್‌ಗೆ ಹೋಗಿದ್ದಳು. ಅಲ್ಲಿಂದ ಒಂದು ದಿನದ ಟೂರ್ ಇರುತ್ತೆ, ಗೈಡ್ ಸಮೇತ. ಬೆಳಿಗ್ಗೆ ಬಸ್ ಹತ್ತಿಸಿಕೊಂಡು ಚಿಚೆನ್ ಇಟ್ಸಾ ಅನ್ನೋ ಮಾಯಾ ಜನರ ಪಾಳುಬಿದ್ದ ಪಟ್ಟಣ ತೋರಿಸ್ತಾರೆ, ಮಧ್ಯಾಹ್ನ ಊಟ ಹಾಕಿಸ್ತಾರೆ, ಆಮೇಲೆ ಸೆನೋಟೆ ಅನ್ನೋ ದೊಡ್ಡ ನೀರಿನ ಗುಂಡಿಯಲ್ಲಿ ಈಜೋಕೆ ಬಿಡ್ತಾರೆ. ಅಕ್ಕ ಫ್ಯಾಮಿಲಿ ಗ್ರೂಪಿಗೆ ವಿಡಿಯೊ ಹಾಕಿದಳು. ನೆಲದಲ್ಲಿ ಬಾಯಿ ತೆರೆದ ಗುಂಡಿ, ಮೇಲಿಂದ ಕೆಳಗಿನವರೆಗೂ ಜೋತುಬಿದ್ದ ಬೇರು, ಕೆಳಗೆ ನೀಲಿ ನೀರು, ಅದರಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕ್ಕೊಂಡು ನಮ್ಮಕ್ಕ.

ನನ್ನ ತಮ್ಮ ಎಂಜಿನಿಯರಿಂಗ್ ಎರಡನೇ ವರ್ಷ. ವಿಡಿಯೊ ನೋಡಿ, "ನಮ್ ಕಡೆ ಇಂಥದ್ದು ಒಂದೂ ಇಲ್ಲ" ಅಂತ ಮುಖ ಗಂಟು ಹಾಕಿಕೊಂಡ. ಪೇಪರ್ ಓದ್ತಿದ್ದ ಅಪ್ಪ ತಲೆ ಎತ್ತದೆ, "ನಂದಿಗೆ ಹೋಗ್ರೋ" ಅಂದ್ರು. ಯಲಹಂಕದಲ್ಲಿ ಮನೆ ಇರೋರಿಗೆ ನಂದಿ ಅಂದ್ರೆ ಬೆಳಿಗ್ಗೆ ನಾಲ್ಕಕ್ಕೆ ಬೈಕಲ್ಲಿ ಹೋಗಿ, ಮಂಜಲ್ಲಿ ಏನೂ ಕಾಣದೆ, ಮ್ಯಾಗಿ ತಿಂದು ವಾಪಸ್ ಬರೋ ಬೆಟ್ಟ. ಅಪ್ಪ ಹೇಳಿದ್ದು ಬೆಟ್ಟದ ಮಾತಲ್ಲ, ಕೆಳಗಿನ ನಂದಿ ಊರಿನ ಮಾತು. ಅದು ನಮಗೆ ಆಮೇಲೆ ಗೊತ್ತಾಯ್ತು.

ಅದೇ ವಾರ ತಮ್ಮನ ಇನ್‌ಸ್ಟಾದಲ್ಲಿ ಒಂದು ರೀಲ್ ಬಂತು. ವೀಕೆಂಡ್ ಟೂರ್: ಸಾವಿರ ವರ್ಷದ ದೇವಸ್ಥಾನ, ಜೊತೆಗೆ "ಸೀಕ್ರೆಟ್ ಸ್ವಿಮ್ಮಿಂಗ್ ಸ್ಪಾಟ್". ಪಿಕಪ್ ಯಶವಂತಪುರ ಮೆಟ್ರೊ, ಆರ್.ಟಿ. ನಗರ, ಹೆಬ್ಬಾಳ, ಯಲಹಂಕ. ಬುಕ್ ಮಾಡಿದ್ವಿ. ಯಾರ ಟೂರ್ ಅಂತ ಹೇಳಲ್ಲ, ಹೇಳೋದು ಇಲ್ಲಿ ಮುಖ್ಯನೂ ಅಲ್ಲ. ಅಂಥ ರೀಲ್‌ಗಳು ನಿಮ್ಮ ಫೋನಲ್ಲೂ ಬರ್ತಾನೇ ಇರುತ್ವೆ.

ಟಿಟಿ, ಅಂದ್ರೆ ಟೆಂಪೊ ಟ್ರಾವೆಲರ್, ನಾವು ಹದಿನಾಲ್ಕು ಜನ. ಹೆಬ್ಬಾಳದಲ್ಲಿ ಗಾಡಿ ನಿಂತಾಗ ನಾನು ಪಕ್ಕದ ಸೀಟಿನ ಹುಡುಗಿಗೆ ಹೇಳಿದೆ, ಹಳೇದು ನೋಡೋಕೆ ನಂದಿವರೆಗೂ ಹೋಗಬೇಕಿಲ್ಲ ಅಂತ. ಇದೇ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಟ್ಟವಾಡಿಯವರು, ಅಂದ್ರೆ ರಾಷ್ಟ್ರಕೂಟರ ಕಡೆಯವರು, ದಾಳಿ ಮಾಡಿದಾಗ ಕಿತ್ತಯ್ಯ ಅನ್ನೋನು ಊರಿಗಾಗಿ ಹೋರಾಡಿ ಸತ್ತ ಅಂತ ಅದರಲ್ಲಿ ಕನ್ನಡದಲ್ಲೇ ಬರೆದಿದೆ. ಬೆಂಗಳೂರಿನಲ್ಲಿ ಸಿಕ್ಕಿರೋ ಕನ್ನಡ ಶಾಸನಗಳಲ್ಲಿ ತುಂಬ ಹಳೆಯದು ಅಂತ ಅದಕ್ಕೆ ಹೆಸರು. ಕೆಂಪೇಗೌಡರು ಬೆಂಗಳೂರು ಪೇಟೆ ಕಟ್ಟಿದ್ದು 1537ರಲ್ಲಿ. ಅದಕ್ಕೂ ಎಂಟು ಶತಮಾನ ಹಿಂದೆ ಹೆಬ್ಬಾಳದಲ್ಲಿ ಜನ ಇದ್ರು, ಜಗಳ ಇತ್ತು, ಅದನ್ನ ಬರೆದಿಡೋ ಕಲ್ಲುಕುಟಿಗನೂ ಇದ್ದ. ನಮ್ಮ ಟಿಟಿ ಅಲ್ಲಿ ನಿಲ್ಲಿಸಲಿಲ್ಲ. ಟೂರ್ ಹುಡುಗ, "ಲಿಸ್ಟಲ್ಲಿ ಇಲ್ಲ ಬ್ರೋ" ಅಂದ.

ದೇವನಹಳ್ಳಿ ಕೋಟೆಗೆ ಹದಿನೈದೇ ನಿಮಿಷ. ಅವತಿ ನಾಡಪ್ರಭುಗಳ ವಂಶದ ಮಲ್ಲಭೈರೇಗೌಡ 1501ರಲ್ಲಿ ಕಟ್ಟಿಸಿದ ಕೋಟೆ, ಮೊದಲು ಮಣ್ಣಿನದು, ಆಮೇಲೆ ಕಲ್ಲಿನದಾಯ್ತು. ಟಿಪ್ಪು ಹುಟ್ಟಿದ ಊರು. ಒಳಗೆ ಈಗಲೂ ಮನೆಗಳಿವೆ, ಜನ ಇದ್ದಾರೆ. ಚಕ್ಕೋತ ಸಿಗುತ್ತಾ ಅಂತ ನೋಡಿದೆ, ಸಿಗಲಿಲ್ಲ. ಮುಂದಕ್ಕೆ ಹೋಗೋಣ.

ನಂದಿ ಊರಿನ ಭೋಗನಂದೀಶ್ವರ ಗುಡಿ ಹೆಬ್ಬಾಳದಿಂದ ಐವತ್ತು ಕಿಲೋಮೀಟರ್ ಆಸುಪಾಸು. ನೀವು ಬೆಟ್ಟಕ್ಕೆ ಹೋಗುವಾಗ ಇದರ ಹತ್ತಿರದಿಂದಲೇ ಹತ್ತು ಸಲ ಹೋಗಿರ್ತೀರ. ಹೊರಗಿನಿಂದ ಉದ್ದ ಗೋಡೆ, ಒಂದು ಬಾಗಿಲು, ಅಷ್ಟೇ. ಒಳಗೆ ಕಾಲಿಟ್ಟರೆ ಅಂಗಳ ಎಷ್ಟು ದೊಡ್ಡದು ಅಂದ್ರೆ ಸುತ್ತಲಿನ ಕಂಬಸಾಲು ಮುಗಿಯೋದೇ ಇಲ್ಲ ಅನಿಸುತ್ತೆ. ಹಿಂದೆ ನೋಡಿದ್ರೆ ನಂದಿ ಬೆಟ್ಟ, ಗೋಡೆಗೆ ಒರಗಿ ಕೂತ ಹಾಗೆ.

ಇಲ್ಲಿಂದ ಮುಂದಿನ ಒಂದೂವರೆ ಗಂಟೆ ನಮ್ಮ ದುಡ್ಡು ವಸೂಲಾಯ್ತು. ಕಾರಣ ಟೂರ್ ಅಲ್ಲ, ಅಲ್ಲಿ ಸಿಕ್ಕ ಒಬ್ಬರು ಹಿರಿಯರು. ಆ ಊರಿನವರೇ, ಅರವತ್ತು ದಾಟಿದೋರು. ಟೂರ್‌ನವರು ಅವರಿಗೆ ಮುಂಚೆಯೇ ಹೇಳಿಟ್ಟಿದ್ರು. ನಾವೆಲ್ಲ ತಾತ ಅಂತಲೇ ಕರೆದ್ವಿ. ಅವರು ಮೊದಲು ಕಥೆ ಹೇಳಲಿಲ್ಲ. "ಸುಮ್ನೆ ಎರಡು ಗುಡೀನೂ ನೋಡ್ಕೊಂಡು ಬನ್ನಿ, ಏನು ವ್ಯತ್ಯಾಸ ಅಂತ ನನಗೆ ಹೇಳಿ" ಅಂದ್ರು.

ಒಂದೇ ಸಾಲಿನಲ್ಲಿ ಎರಡು ದೊಡ್ಡ ಗುಡಿಗಳು. ಒಂದು ಅರುಣಾಚಲೇಶ್ವರ, ಇನ್ನೊಂದು ಭೋಗನಂದೀಶ್ವರ. ನೋಡೋಕೆ ಅವಳಿ ಮಕ್ಕಳ ಹಾಗೆ. ನಮ್ಮಲ್ಲಿ ಒಬ್ಬ ಕಿಟಕಿ ಬೇರೆ ಥರ ಇದೆ ಅಂದ, ಇನ್ನೊಬ್ಬಳು ಗೋಪುರ ಅಂದಳು. ತಾತ ಎಲ್ಲದಕ್ಕೂ ತಲೆ ಆಡಿಸಿ, ಆಮೇಲೆ ನಡುವಿನ ಸಣ್ಣ ಗುಡಿಗೆ ಕರ್ಕೊಂಡು ಹೋದ್ರು. ಉಮಾಮಹೇಶ್ವರ. ಅದರ ಮುಂದಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳಲ್ಲಿ ದೇವರುಗಳೆಲ್ಲ ಜೋಡಿಯಾಗಿ ನಿಂತಿದ್ದಾರೆ. ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಸ್ವಾಹಾದೇವಿ. ಮದುವೆಯಾದ ಹೊಸಬರು ಇಲ್ಲಿಗೆ ಬರೋದು ಅದಕ್ಕೇ. ಅರುಣಾಚಲೇಶ್ವರ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಅಂತ ಲೆಕ್ಕ. ಬೆಟ್ಟದ ಮೇಲೆ ಹಬ್ಬ ಹರಿದಿನ ಇಲ್ಲಿನಷ್ಟು ಜೋರಾಗಿರಲ್ಲ, ವೈರಾಗ್ಯ ಅಲ್ವಾ ಅಂತ ತಾತ ನಕ್ಕರು.

ಇಲ್ಲಿ ಒಂದೇ ರಾಜ, ಒಂದೇ ವರ್ಷ ಅಂತ ಇಲ್ಲ. ಕ್ರಿ.ಶ. 806ರ ಹೊತ್ತಿನ ಶಾಸನದಲ್ಲಿ ರಾಷ್ಟ್ರಕೂಟರ ಮೂರನೇ ಗೋವಿಂದನ ಹೆಸರಿದೆ. ಬಾಣರು, ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಒಬ್ಬರಾದ ಮೇಲೆ ಒಬ್ಬರು ಬಂದು ಏನಾದ್ರೂ ಸೇರಿಸಿ ಹೋಗಿದ್ದಾರೆ. ಭೋಗನಂದೀಶ್ವರ ಗುಡಿಯೊಳಗೆ ಕೂತಿರೋ ಒಂದು ಮೂರ್ತಿಯನ್ನ ರಾಜೇಂದ್ರ ಚೋಳನದ್ದು ಅಂತ ಹೇಳ್ತಾರೆ. ಅಪಾರ್ಟ್‌ಮೆಂಟ್‌ನಲ್ಲಿ ಹೊಸಬರು ಬಂದಾಗ ಬಾಲ್ಕನಿಗೆ ಗ್ರಿಲ್ ಹಾಕಿಸ್ತಾರಲ್ಲ, ಹಾಗೆ. ಆದರೆ ಇಲ್ಲಿ ಬಂದವರು ಹಳೇದನ್ನ ಒಡೆಯದೆ ಪಕ್ಕದಲ್ಲಿ ಕಟ್ಟಿದ್ದಾರೆ.

ಆಗ ನನಗೆ ಅಕ್ಕನ ವಿಡಿಯೊ ನೆನಪಾಯ್ತು. ಚಿಚೆನ್ ಇಟ್ಸಾದ ಆ ಮೆಟ್ಟಿಲು ಪಿರಮಿಡ್ ಕಟ್ಟಿದ್ದು ಎಂಟರಿಂದ ಹನ್ನೆರಡನೇ ಶತಮಾನದ ನಡುವೆ ಅಂತಾರೆ. ನಾಲ್ಕು ಕಡೆ ತೊಂಬತ್ತೊಂದು ಮೆಟ್ಟಿಲು, ಮೇಲಿನದೊಂದು ಸೇರಿ 365. ಅಂದ್ರೆ ಅಲ್ಲಿ ಅವರು ಕಲ್ಲು ಜೋಡಿಸ್ತಾ ಇದ್ದಾಗಲೇ ಇಲ್ಲಿ ನಂದಿಯಲ್ಲಿ ನಮ್ಮವರೂ ಉಳಿ ಹಿಡಿದು ಕೂತಿದ್ರು. ಇವರಿಗೆ ಅವರು ಇದ್ದಾರೆ ಅಂತ ಗೊತ್ತಿಲ್ಲ, ಅವರಿಗೆ ಇವರು. ಒಂದು ವ್ಯತ್ಯಾಸ ಇದೆ. ಆ ಪಿರಮಿಡ್ ಹತ್ತೋಕೆ ಈಗ ಬಿಡಲ್ಲ, ದೂರದಿಂದ ನೋಡಬೇಕು. ನಂದಿಯಲ್ಲಿ ಇವತ್ತೂ ಮಂಗಳಾರತಿ ಆಗುತ್ತೆ, ಗಂಟೆ ಹೊಡೀತಾರೆ.

ಗುಡಿಯ ಉತ್ತರಕ್ಕೆ ಇನ್ನೊಂದು ಅಂಗಳ ದಾಟಿದ್ರೆ ಶೃಂಗಿ ತೀರ್ಥ. ಕಲ್ಯಾಣಿ. ನಾಲ್ಕೂ ಕಡೆಯಿಂದ ಮೆಟ್ಟಿಲು ಇಳಿದು ಇಳಿದು ನಡುವೆ ಹಸಿರು ನೀರು. ಶಿವನ ನಂದಿ ಕೊಂಬಿನಿಂದ ನೆಲ ತಿವಿದಾಗ ಬಂದ ನೀರು, ಇದೇ ಪಿನಾಕಿನಿಯ ಮೂಲ ಅನ್ನೋದು ಸ್ಥಳಪುರಾಣ. ನಮ್ಮ ಗುಂಪಲ್ಲಿ ಒಂದೇ ಕ್ಷಣಕ್ಕೆ ಹದಿನಾಲ್ಕು ಫೋನ್ ಮೇಲೆದ್ದವು. ತಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯೋಕೆ ಶುರು ಮಾಡಿದ.

"ಅಪ್ಪಾ, ಅಲ್ಲೇ ನಿಂತ್ಕೋ. ನೀರಿರೋ ಮೆಟ್ಟಿಲಿಗೆ ಕಾಲು ಇಡಬೇಡ" ಅಂದ್ರು ತಾತ.

"ಕಾಲು ನೆನೆಸ್ಕೊತೀನಿ ಅಷ್ಟೇ ತಾತ. ಈಜು ಬರುತ್ತೆ ನನಗೆ."

"ಈಜು ಬಂದೋರೇ ಹೋಗೋದು. ಬರದೋರು ಇಳಿಯೋದೇ ಇಲ್ವಲ್ಲ."

ಆಮೇಲೆ ಅವರು ಮೆಟ್ಟಿಲ ಮೇಲೆ ಕೂತು ಕಲ್ಯಾಣಿ ಹೇಗೆ ಕೆಲಸ ಮಾಡುತ್ತೆ ಅಂತ ಹೇಳಿದ್ರು. ಮಳೆಗಾಲದಲ್ಲಿ ನೀರು ಮೇಲಿನ ಮೆಟ್ಟಿಲವರೆಗೂ ಬರುತ್ತೆ, ಬೇಸಿಗೆಯಲ್ಲಿ ತಳಕ್ಕೆ ಹೋಗುತ್ತೆ. ಯಾವ ಮಟ್ಟದಲ್ಲಿದ್ರೂ ಕೊಡ ಹಿಡಿದವರ ಕೈಗೆ ಸಿಗಬೇಕು ಅಂತಲೇ ಎಲ್ಲ ಕಡೆ ಮೆಟ್ಟಿಲು. ಕೆಳಗೆ ಹೋದಷ್ಟೂ ಬಾಯಿ ಚಿಕ್ಕದಾಗೋದ್ರಿಂದ, ನೀರು ಕಮ್ಮಿಯಾದಾಗ ಬಿಸಿಲಿಗೆ ಆವಿಯಾಗೋದೂ ಕಮ್ಮಿ. ಮೆಟ್ಟಿಲೇ ಗೋಡೆಯ ಮಣ್ಣು ಕುಸಿಯದ ಹಾಗೆ ಹಿಡಿದಿರುತ್ತೆ. ಇಷ್ಟು ಚೆನ್ನಾಗಿ ಕಟ್ಟಿದ್ದು ಕುಡಿಯೋಕೆ, ಪೂಜೆಗೆ, ಕೈಕಾಲು ತೊಳೆಯೋಕೆ. ಈಜೋರ ಲೆಕ್ಕ ಇದರಲ್ಲಿ ಇಲ್ಲ. ನೀರೊಳಗಿನ ಮೆಟ್ಟಿಲು ಪಾಚಿ ಕಟ್ಟಿ ಸೋಪಿನ ಹಾಗಿರುತ್ತೆ. ಹಸಿರು ನೀರಲ್ಲಿ ಎರಡನೇ ಮೆಟ್ಟಿಲೇ ಕಾಣಲ್ಲ. ಜಾರಿದ್ರೆ ಮೊದಲು ತಲೆಗೆ ಕಲ್ಲು ಹೊಡೆಯುತ್ತೆ, ಆಮೇಲೆ ನೀರು. ತಲೆಗೆ ಪೆಟ್ಟು ಬಿದ್ದವನಿಗೆ ಕಲಿತ ಈಜು ನೆನಪಿರಲ್ಲ.

ಇಲ್ಲೊಂದು ಸಣ್ಣ ಭೂಗೋಳ ಪಾಠ, ಬೋರ್ ಆಗಲ್ಲ, ಕೇಳಿ. ಸೆನೋಟೆ ಇರೋ ಯುಕಾಟಾನ್ ನೆಲವೆಲ್ಲ ಸುಣ್ಣಕಲ್ಲು. ಮಳೆನೀರು ಅದನ್ನ ನಿಧಾನಕ್ಕೆ ಕರಗಿಸಿ ನೆಲದೊಳಗೆ ಗುಹೆ ಮಾಡುತ್ತೆ, ಒಂದು ದಿನ ಗುಹೆಯ ಸೂರು ಕುಸಿದು ಬಾಯಿ ಬಿಡುತ್ತೆ. ಅದೇ ಸೆನೋಟೆ. ಮೇಲೆ ಹರಿಯೋ ನದಿ ಅಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಮಾಯಾ ಜನ ಊರು ಕಟ್ಟಿದ್ದೇ ಈ ಗುಂಡಿಗಳ ಪಕ್ಕ. ಚಿಚೆನ್ ಇಟ್ಸಾ ಅಂದ್ರೇನೇ ಇಟ್ಸಾ ಜನರ ಬಾವಿಯ ಬಾಯಿ ಅಂತ ಅರ್ಥ. ನಮ್ಮದು ಗಟ್ಟಿ ಕಗ್ಗಲ್ಲು, ಇನ್ನೂರೈವತ್ತು ಕೋಟಿ ವರ್ಷದ ಲೆಕ್ಕದ್ದು. ಕರಗಲ್ಲ, ಗುಹೆ ಆಗಲ್ಲ. ಮಳೆ ಬಿದ್ರೆ ಹರಿದು ಹೋಗುತ್ತೆ. ನಂದಿ ಬೆಟ್ಟದ ಸುತ್ತ ಅರ್ಕಾವತಿ, ಪಾಲಾರ್, ಚಿತ್ರಾವತಿ, ಉತ್ತರ ದಕ್ಷಿಣ ಪಿನಾಕಿನಿ ಅಂತ ಐದು ನದಿ ಹುಟ್ಟುತ್ತೆ ಅಂತ ಶಾಲೆಯಲ್ಲಿ ಓದಿದ್ವಲ್ಲ, ಅವೆಲ್ಲ ಮಳೆ ಬಂದ್ರೆ ನದಿ, ಇಲ್ಲಾಂದ್ರೆ ಮರಳು. ಅಲ್ಲಿ ನೆಲವೇ ಗುಂಡಿ ತೋಡಿ ಕೊಟ್ಟಿತು, ಇಲ್ಲಿ ನಾವೇ ತೋಡಿಕೊಳ್ಳಬೇಕಾಯ್ತು. ಅದಕ್ಕೇ ಇಷ್ಟೊಂದು ಕೆರೆ, ಕುಂಟೆ, ಕಲ್ಯಾಣಿ. ಬೆಂಗಳೂರಿಗೆ ಮೊದಲ ಸಲ ಪೈಪಲ್ಲಿ ನೀರು ಬಂದಿದ್ದೂ 1896ರಲ್ಲಿ ನಮ್ಮ ಯಲಹಂಕದ ಪಕ್ಕದ ಹೆಸರಘಟ್ಟ ಕೆರೆಯಿಂದ, ಇದೇ ಅರ್ಕಾವತಿಯ ನೀರು.

ಇನ್ನೊಂದು ವಿಷಯ ನನಗೆ ಅಕ್ಕನಿಂದ ಆಮೇಲೆ ಗೊತ್ತಾಗಿದ್ದು. ಚಿಚೆನ್ ಇಟ್ಸಾದ ಒಳಗೇ ಒಂದು ದೊಡ್ಡ ಸೆನೋಟೆ ಇದೆ, ದೇವರಿಗೆ ಅರ್ಪಣೆ ಹಾಕ್ತಿದ್ದದ್ದು. ಹಿಂದೆ ಅದರ ತಳ ಶೋಧಿಸಿದಾಗ ಚಿನ್ನ, ಹಸಿರು ಜೇಡ್ ಕಲ್ಲು, ಮನುಷ್ಯರ ಮೂಳೆ ಎಲ್ಲ ಸಿಕ್ಕಿದ್ವು. ಅದರಲ್ಲಿ ಯಾರೂ ಈಜೋ ಹಾಗಿಲ್ಲ. ಈಜೋಕೆ ಬಸ್ ಹತ್ತಿಸಿ ಬೇರೆ ಸೆನೋಟೆಗೆ ಕರ್ಕೊಂಡು ಹೋಗ್ತಾರೆ. ಅಲ್ಲೂ ಅಕ್ಕನಿಗೆ ಮೊದಲು ಸ್ನಾನ ಮಾಡಿಸಿ, ಸನ್‌ಸ್ಕ್ರೀನ್ ತೊಳೆಸಿ, ಜಾಕೆಟ್ ಹಾಕಿಸಿ ಆಮೇಲೇ ಇಳಿಯೋಕೆ ಬಿಟ್ಟಿದ್ದು. ಆ ಕಿತ್ತಳೆ ಬಣ್ಣ ನಾವು ವಿಡಿಯೊದಲ್ಲಿ ನೋಡಿದ್ವಿ, ನೋಡಿ ನಕ್ಕಿದ್ವಿ ಕೂಡ.

ಬೆಟ್ಟದ ಮೇಲಕ್ಕೆ ಹೋಗಿ ಅಮೃತ ಸರೋವರ ನೋಡಿದ್ವಿ, ಅದೂ ಮೆಟ್ಟಿಲಿನ ಕೊಳ. ಟಿಪ್ಪು ಡ್ರಾಪ್ ಹತ್ತಿರ ಸೆಲ್ಫಿ ಕ್ಯೂ. ಊಟ ಆಯ್ತು. ಚಿಕ್ಕಬಳ್ಳಾಪುರದ ಕಡೆ ಹೋಗುವಾಗ ಒಂದು ಕೆರೆ ತುಂಬಿ ನಿಂತಿತ್ತು. "ಇಲ್ಲೇ ಇಳಿಯೋಣ ಗುರು" ಅಂತ ಹಿಂದಿನ ಸೀಟಿನವರು ಕೂಗಿದ್ರು. ಡ್ರೈವರ್ ಅಣ್ಣ ಕನ್ನಡಿಯಲ್ಲಿ ನೋಡಿ, "ಇಳೀರಿ, ನಿಮ್ಮದೇ ಹೆಬ್ಬಾಳದ ನೀರು" ಅಂದ್ರು. ಯಾರಿಗೂ ಅರ್ಥ ಆಗಲಿಲ್ಲ.

ಅರ್ಥ ಇಷ್ಟೇ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆ, ಪೇಪರಲ್ಲಿ ಎಚ್.ಎನ್. ವ್ಯಾಲಿ ಅಂತ ಬರೀತಾರೆ. ಆರ್.ಟಿ. ನಗರದಲ್ಲಿ ನೀವು ಫ್ಲಷ್ ಮಾಡಿದ್ದು, ಪಾತ್ರೆ ತೊಳೆದದ್ದು ಹೆಬ್ಬಾಳದ ಕಡೆಯ ಸಂಸ್ಕರಣಾ ಘಟಕಕ್ಕೆ ಹೋಗುತ್ತೆ, ಎರಡು ಹಂತ ಶುದ್ಧವಾಗಿ, ಪಂಪ್ ಆಗಿ ಉತ್ತರದ ಕೆರೆಗಳಿಗೆ ಬರುತ್ತೆ. ದಿನಕ್ಕೆ 21 ಕೋಟಿ ಲೀಟರ್, 65 ಕೆರೆ ಅನ್ನೋದು ಯೋಜನೆಯ ಗುರಿ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಮೊದಲು ತುಂಬಿದ್ದರಲ್ಲಿ ಒಂದು. ಒಣಗಿದ ಕೆರೆ ತುಂಬಿ ಅಂತರ್ಜಲ ಮೇಲೆ ಬರಲಿ ಅನ್ನೋದು ಉದ್ದೇಶ. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಆ ಭಾಗದ ರೈತರು, ಹೋರಾಟಗಾರರು ಕೇಳ್ತಾನೇ ಇದ್ದಾರೆ, ನನಗೂ ಅದು ನ್ಯಾಯ ಅನಿಸುತ್ತೆ. ಆ ವಾದ ಏನೇ ಇರಲಿ, ಅದು ಬಾಯಿಗೆ, ಮೂಗಿಗೆ ಹೋಗಬೇಕಾದ ನೀರಂತೂ ಅಲ್ಲ. ತುಂಬಿದ ಕೆರೆ ಕಂಡಾಗೆಲ್ಲ ಖುಷಿ ಪಡೋಣ, ದಡದಲ್ಲಿ ನಿಂತು.

ಈಗ ಆ ಸೀಕ್ರೆಟ್ ಸ್ಪಾಟ್.

ಟಾರ್ ರೋಡ್ ಬಿಟ್ಟು ಜಲ್ಲಿ ದಾರಿಯಲ್ಲಿ ಹೋದ್ವಿ. ಕೊನೆಗೆ ಸಿಕ್ಕಿದ್ದು ಕೆಲಸ ನಿಲ್ಲಿಸಿದ ಕಲ್ಲು ಕ್ವಾರಿ. ಒಂದು ಬೋರ್ಡ್ ಇತ್ತು, ಬಣ್ಣ ಉದುರಿ ಓದೋಕೆ ಆಗ್ತಿರಲಿಲ್ಲ. ಮೂರು ಕಡೆ ಚಾಕುವಿನಿಂದ ಕತ್ತರಿಸಿದ ಹಾಗೆ ನೆಟ್ಟಗಿನ ಕಲ್ಲು, ನಡುವೆ ನೀರು. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಅಕ್ಕನ ವಿಡಿಯೊದ ಹಾಗೇ ನೀಲಿ. ಟೂರ್ ಹುಡುಗ, "ಎದೆ ಮಟ್ಟ ಅಷ್ಟೇ ಬ್ರೋ, ಆರಾಮ್" ಅಂದ. ಜಾಕೆಟ್ ಇಲ್ಲ, ಟ್ಯೂಬ್ ಇಲ್ಲ, ಹಗ್ಗ ಇಲ್ಲ. ಹದಿನಾಲ್ಕು ಜನಕ್ಕೆ ಈಜು ಬರೋ ಜವಾಬ್ದಾರಿಯ ಮನುಷ್ಯ ಒಬ್ಬನೂ ಇಲ್ಲ. ನಾನು ಇದನ್ನೆಲ್ಲ ಈಗ ಪಟ್ಟಿ ಮಾಡ್ತಾ ಇದ್ದೀನಿ. ಆಗ ನಾನು ಮಾಡಿದ್ದು ಫೋನ್ ತೆಗೆದು ವಿಡಿಯೊ ಆನ್ ಮಾಡಿದ್ದು.

ತಮ್ಮ ಇಳಿದ. ಮೊದಲ ಹೆಜ್ಜೆ ಮಂಡಿ, ಎರಡನೇದು ಎದೆ. ನನ್ನ ಕಡೆ ತಿರುಗಿ ಹೆಬ್ಬೆರಳು ತೋರಿಸಿದ. ಮೂರನೇ ಹೆಜ್ಜೆಗೆ ನೆಲ ಇರಲಿಲ್ಲ.

ವಿಡಿಯೊ ಇಪ್ಪತ್ತೆರಡು ಸೆಕೆಂಡ್ ಇದೆ. ಅದರಲ್ಲಿ ಅವನು ಕೂಗಲ್ಲ. ಕೈ ಬೀಸಲ್ಲ. ಮುಖ ಆಕಾಶಕ್ಕೆ ಎತ್ತಿ, ಬಾಯಿ ತೆರೆದು, ಮುಳುಗಿ, ಮತ್ತೆ ಮೇಲೆ ಬಂದು, ಮತ್ತೆ ಮುಳುಗ್ತಾನೆ. ನನ್ನ ದನಿ ಕೇಳುತ್ತೆ: "ಏಯ್, ಡ್ರಾಮಾ ಮಾಡಬೇಡ." ಆಮೇಲೆ ಫೋನ್ ಕೆಳಗೆ ಬಿತ್ತು.

ನಮ್ಮ ಜೊತೆಗಿದ್ದ ಹುಡುಗಿ ದುಪಟ್ಟಾ ಎಸೆದಳು, ಸಾಕಾಗಲಿಲ್ಲ. ನಾನು ಹಾರೋಕೆ ಹೋದೆ, ಡ್ರೈವರ್ ಅಣ್ಣ ಶರ್ಟ್ ಹಿಡಿದು ಹಿಂದಕ್ಕೆ ಎಳೆದ್ರು. ಅವರ ಕೈಯಲ್ಲಿ ಕ್ಯಾರಿಯರ್ ಮೇಲೆ ಲಗೇಜ್ ಕಟ್ಟೋ ಹಗ್ಗ, ಅದರ ತುದಿಗೆ ಖಾಲಿ ನೀರಿನ ಕ್ಯಾನ್. ಮೊದಲ ಸಲ ಎಸೆದಾಗ ದೂರ ಬಿತ್ತು, ಎರಡನೇ ಸಲ ತಮ್ಮನ ಕೈಗೆ ಸಿಕ್ತು. ಎಲ್ಲರೂ ಮಲಗಿಕೊಂಡು ಎಳೆದ್ವಿ. ಮೇಲೆ ಬಂದವನು ಕೆಮ್ಮಿ ಕೆಮ್ಮಿ ವಾಂತಿ ಮಾಡಿದ. ಒಂದು ಚಪ್ಪಲಿ ಇತ್ತು, ಇನ್ನೊಂದು ಒಳಗೇ ಹೋಗಿತ್ತು. ಡ್ರೈವರ್ ಅಣ್ಣ ಟೂರ್ ಹುಡುಗನಿಗೆ ಏನು ಅಂದ್ರು ಅನ್ನೋದನ್ನ ಇಲ್ಲಿ ಪ್ರಸಾರ ಮಾಡೋಕಾಗಲ್ಲ.

ಆಮೇಲೆ ನಾನು ಇದರ ಬಗ್ಗೆ ಓದಿದೆ, ಕೇಳಿದೆ. ಕ್ವಾರಿಯಲ್ಲಿ ಕಲ್ಲನ್ನ ದೊಡ್ಡ ದೊಡ್ಡ ಮೆಟ್ಟಿಲ ಹಾಗೆ ಹಂತ ಹಂತವಾಗಿ ತೆಗೀತಾರೆ. ಮೇಲಿನ ಹಂತದ ಮೇಲೆ ನಿಂತಾಗ ಎದೆ ಮಟ್ಟ ಅನ್ನೋದು ನಿಜವೇ. ಒಂದು ಹೆಜ್ಜೆ ಆಚೆ ಮುಂದಿನ ಹಂತ, ಅದು ಎರಡು ಮೂರು ಆಳು ಕೆಳಗೆ ಇರಬಹುದು. ಕೆರೆಯ ದಡದ ಹಾಗೆ ಇಳಿಜಾರು ಇಲ್ಲ, ಹಿಡಿಯೋಕೆ ಬೇರಿಲ್ಲ, ಹುಲ್ಲಿಲ್ಲ. ಮೇಲೆ ಬಿಸಿಲಿಗೆ ಬೆಚ್ಚಗಿರೋ ನೀರು ಕೆಳಗೆ ತಣ್ಣಗಿರುತ್ತೆ, ದೇಹ ಬೆಚ್ಚಿ ಬಿದ್ದು ಉಸಿರು ಎಳೆದುಕೊಂಡ್ರೆ ಒಳಗೆ ಹೋಗೋದು ನೀರು. ಮುಳುಗೋದು ಸಿನಿಮಾದಲ್ಲಿ ತೋರಿಸೋ ಹಾಗೆ ಇರಲ್ಲ. ಉಸಿರಾಡೋಕೇ ಬಾಯಿ ಸಿಗದವನು ಕೂಗೋದು ಹೇಗೆ? ಕೈಗಳು ತಾವಾಗೇ ನೀರನ್ನ ಕೆಳಕ್ಕೆ ಒತ್ತುತ್ತಾ ಇರುತ್ವೆ, ಬೀಸೋಕೆ ಬರಲ್ಲ. ಒಂದು ನಿಮಿಷದೊಳಗೆ ಎಲ್ಲ ಮುಗಿದು ಹೋಗಬಹುದು. ದಡದಲ್ಲಿರೋನು ತಮಾಷೆ ಅಂದುಕೊಂಡಿರ್ತಾನೆ, ನನ್ನ ಹಾಗೆ.

ನನ್ನ ಶರ್ಟ್ ಹಿಡಿದು ಎಳೆದದ್ದೂ ಯಾಕೆ ಅಂತ ಈಗ ಗೊತ್ತು. ಮುಳುಗ್ತಿರೋನು ಕೈಗೆ ಸಿಕ್ಕಿದ್ದನ್ನ ಹತ್ತೋಕೆ ನೋಡ್ತಾನೆ, ಕಾಪಾಡೋಕೆ ಹೋದ ಅಣ್ಣನ ತಲೆಯನ್ನೂ. ಒಬ್ಬನ ಹಿಂದೆ ಒಬ್ಬ ಹೋದ ಸುದ್ದಿಗಳನ್ನ ನಾವೆಲ್ಲ ಓದಿದ್ದೀವಿ. ಹಾರೋ ಬದಲು ಏನಾದ್ರೂ ಚಾಚಿ, ಎಸೀರಿ. ಕೊಂಬೆ, ಹಗ್ಗ, ಎರಡು ದುಪಟ್ಟಾ ಗಂಟು ಹಾಕಿದ್ದು, ಮುಚ್ಚಳ ಬಿಗಿ ಮಾಡಿದ ಖಾಲಿ ಕ್ಯಾನ್. ಒಬ್ಬರು 112ಕ್ಕೆ ಫೋನ್ ಮಾಡಲಿ. ಮೇಲೆ ಬಂದವನಿಗೆ ಉಸಿರಿಲ್ಲ ಅಂದ್ರೆ ಹೊಟ್ಟೆ ಒತ್ತೋದು, ತಲೆಕೆಳಗು ಮಾಡಿ ನೀರು ತೆಗೆಯೋದು ಬೇಡ, ಅದರಲ್ಲಿ ಸಮಯ ಹೋಗುತ್ತೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, ಆಂಬುಲೆನ್ಸ್ ಬರೋವರೆಗೂ ನಿಲ್ಲಿಸಬಾರದು. ಉಸಿರಾಡ್ತಾ ಇದ್ದು ಸರಿಹೋದ ಹಾಗೆ ಕಂಡ್ರೂ ಆಸ್ಪತ್ರೆಗೆ ತೋರಿಸಬೇಕು. ನೀರು ಶ್ವಾಸಕೋಶಕ್ಕೆ ಹೋಗಿದ್ರೆ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು. ತಮ್ಮನನ್ನ ಅವತ್ತು ರಾತ್ರಿಯಿಡೀ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ರು. ಅಮ್ಮ ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ.

ಇಷ್ಟೆಲ್ಲ ಆಗಿ, ಗೈಡೆಡ್ ಟೂರ್ ಹೋಗಲೇಬೇಡಿ ಅಂತೀರಾ ಅಂತ ಕೇಳಿದ್ರೆ, ಇಲ್ಲ. ನಂದಿಯ ಆ ತಾತ ಇಲ್ಲದೇ ಹೋಗಿದ್ರೆ ನಾನು ಎರಡು ಗುಡಿಯ ಮುಂದೆ ಫೋಟೊ ತೆಗೆದುಕೊಂಡು ಬಂದಿರ್ತಿದ್ದೆ. ಬುಕ್ ಮಾಡೋ ಮುಂಚೆ ನಾನೀಗ ಫೋನ್ ಮಾಡಿ ಕೇಳೋದು ಎರಡೇ. ಗುಡಿ ತೋರಿಸೋರು ಯಾರು, ಸ್ಥಳೀಯರಾ? ನೀರಿಗೆ ಇಳಿಸೋದಾದ್ರೆ ಜಾಗದ ಹೆಸರು ಏನು, ಜಾಕೆಟ್ ಎಷ್ಟಿದೆ? ಎರಡನೇ ಪ್ರಶ್ನೆಗೆ "ಸರ್‌ಪ್ರೈಸ್" ಅಂತ ಉತ್ತರ ಬಂದ್ರೆ ಫೋನ್ ಇಡ್ತೀನಿ.

ಟೂರೇ ಬೇಡ ಅಂದ್ರೆ ಟ್ರೈನ್ ಇದೆ, ಇದು ನಮ್ಮ ಯಲಹಂಕದವರ ಗುಟ್ಟು. ಯಲಹಂಕದಿಂದ ಚಿಕ್ಕಬಳ್ಳಾಪುರದ ಲೈನು, 1915ರ ಹೊತ್ತಿಗೆ ಸಣ್ಣ ಗೇಜಿನ ರೈಲಾಗಿ ಶುರುವಾದದ್ದು, ಈಗ ಬ್ರಾಡ್‌ಗೇಜ್. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ಆಮೇಲೆ ನಂದಿ ಹಾಲ್ಟ್. ಹಳೇ ಕಾಲದ ಪುಟ್ಟ ಪುಟ್ಟ ಸ್ಟೇಷನ್‌ಗಳು, ಅವನ್ನ ನೋಡೋಕೇ ಒಮ್ಮೆ ಹೋಗಬಹುದು. ಗಾಂಧೀಜಿ 1927ರಲ್ಲಿ, ಮತ್ತೆ 1936ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳೋಕೆ ಇದೇ ನಂದಿ ಬೆಟ್ಟಕ್ಕೆ ಬಂದಿದ್ರು. ಹಾಲ್ಟ್‌ನಲ್ಲಿ ಇಳಿದ್ರೆ ಭೋಗನಂದೀಶ್ವರಕ್ಕೆ ನಡೆದೇ ಹೋಗಬಹುದು. ದಿನಕ್ಕೆ ಕೆಲವೇ ಟ್ರೈನ್, ವಾಪಸ್ ಬರೋ ಟೈಮ್ ಮೊದಲೇ ನೋಡಿಕೊಳ್ಳಿ, ಭಾನುವಾರ ಓಡುತ್ತಾ ಅಂತಲೂ. ಬೆಳಿಗ್ಗೆ ಬೇಗ ಹೋದ್ರೆ ಪ್ರೀ-ವೆಡ್ಡಿಂಗ್ ಶೂಟ್‌ನವರು ಬರೋ ಮುಂಚೆ ಕಲ್ಯಾಣಿ ನಿಮಗೊಬ್ಬರಿಗೇ ಸಿಗುತ್ತೆ. ಒಣ ಮೆಟ್ಟಿಲ ಮೇಲೆ ಕೂತು ನೋಡಿ.

ಮತ್ತೆ ಈಜು? ತಮ್ಮ ಈಗ ವಾರಕ್ಕೆ ಮೂರು ದಿನ ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳಕ್ಕೆ ಹೋಗ್ತಾನೆ. ಬೇಸಿಗೆ ಶಿಬಿರದಲ್ಲಿ ಕಲಿತಿದ್ದು ಸೊಂಟದ ಮಟ್ಟದ ನೀರಿನ ಈಜು ಅಂತ ಅವನಿಗೇ ಗೊತ್ತಾಗಿದೆ. ಮೊದಲ ವಾರ ಆಳದ ಕಡೆ ಹೋಗೋಕೆ ಒಪ್ಪಿರಲಿಲ್ಲವಂತೆ. ಕೋಚ್ ಅವನಿಗೆ ಮೊದಲು ಹೇಳಿಕೊಟ್ಟಿದ್ದು ಸುಮ್ಮನೆ ಬೆನ್ನ ಮೇಲೆ ತೇಲೋದು.

ಅಕ್ಕ ಡಿಸೆಂಬರ್‌ಗೆ ಬರ್ತಾಳೆ. ನಂದಿ ಹಾಲ್ಟ್‌ಗೆ ಟ್ರೈನಲ್ಲಿ ಹೋಗೋದು ಅಂತ ಆಗಲೇ ಮಾತಾಗಿದೆ. ಈ ಸಲ ಹೆಬ್ಬಾಳದಲ್ಲಿ ಕಿತ್ತಯ್ಯನ ಕಲ್ಲನ್ನೂ ನೋಡಿಕೊಂಡು ಹೋಗಬೇಕು, ಲಿಸ್ಟಲ್ಲಿ ಇದೆ. ತಮ್ಮನೂ ಬರ್ತಾನಂತೆ, ಶೂ ಹಾಕ್ಕೊಂಡು. ಆ ಒಂಟಿ ಚಪ್ಪಲಿ ಇನ್ನೂ ಮನೆಯ ಹೊರಗಿನ ಸ್ಟ್ಯಾಂಡಲ್ಲೇ ಇದೆ, ಅಮ್ಮ ಬಿಸಾಡೋಕೆ ಬಿಡ್ತಿಲ್ಲ.

ಮುಂದಿನ ವಾರ ಸಿಗೋಣ. ನಿಮ್ಮ ಕಡೆ ಇರೋ ಹಳೇ ಕಲ್ಯಾಣಿಗಳ ಫೋಟೊ ಕಳಿಸಿ. ದಡದಿಂದ ತೆಗೆದದ್ದು ಸಾಕು.